ಸಮ್ಮೇಳನ ಮುಗಿಸಿ ಮನೆಗೆ ಬಂದವರನ್ನು ಯಾರು ಕೇಳುತ್ತಾರೆ?

ಸಮ್ಮೇಳನ, ಸಮಾವೇಶ, ಕಾರ್ಯಾಗಾರಗಳಿಗೆ ನಮ್ಮಲ್ಲಿ ಬರವಿಲ್ಲ. ಹೊರಡುವಾಗ ಶುಭ ಹಾರೈಕೆ, ಹೋದಲ್ಲಿ ಶಾಲು, ಸ್ಮರಣಿಕೆ, ಗ್ರೂಪ್ ಫೋಟೋ, ಮರುದಿನ ಪತ್ರಿಕೆಯಲ್ಲಿ ಎರಡು ಕಾಲಂ ಸುದ್ದಿ. ಇಷ್ಟಾದರೆ ಪ್ರತಿನಿಧಿಯ ಕೆಲಸ ಮುಗಿಯಿತೆಂದು ಸಂಘದವರೂ ತಿಳಿಯುತ್ತಾರೆ, ಪ್ರತಿನಿಧಿಯೂ ತಿಳಿಯುತ್ತಾರೆ. ಆದರೆ ರೈಲಿನಿಂದಿಳಿದು ಮನೆಯ ಬಾಗಿಲು ತಟ್ಟಿದ ಗಳಿಗೆಯಿಂದ ಶುರುವಾಗುವ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಹೋದದ್ದು ಖರ್ಚಿನ ಕಡೆ ದಾಖಲಾಗಿರುತ್ತದೆ. ಬಂದ ಮೇಲೆ ಜಮೆಯ ಕಡೆ ಏನು ಬಿತ್ತು ಎಂದು ಕೇಳುವವರಿಲ್ಲ.

ಈ ಮಾತು ಎಲ್ಲ ಸಮ್ಮೇಳನಗಳಿಗೂ ಅನ್ವಯಿಸುತ್ತದೆ. ಆದರೆ ಒಂದು ವರ್ಗದವರ ವಿಷಯದಲ್ಲಿ ಇದನ್ನು ವಿಶೇಷವಾಗಿ ಯೋಚಿಸಬೇಕಾಗಿದೆ. ಅವರೇ ಕಾಲೇಜು, ಹಾಸ್ಟೆಲುಗಳಲ್ಲಿ ವಿದ್ಯಾರ್ಥಿಗಳ ನಡುವೆ ಇದ್ದುಕೊಂಡು ಕೆಲಸ ಮಾಡುವ ಕ್ರೈಸ್ತ ಸೇವಕರು. ಇವರನ್ನು ‘ಕ್ಯಾಂಪಸ್ ಮಿನಿಸ್ಟರ್’ ಎನ್ನುವುದುಂಟು. ‘ಮಿನಿಸ್ಟರ್’ ಎಂದ ಕೂಡಲೇ ಕಾರು, ಬೆಂಗಾವಲು, ವಿಧಾನಸೌಧ ಎಂದೆಲ್ಲ ಕಲ್ಪಿಸಿಕೊಳ್ಳಬಾರದು. ಇವರಲ್ಲಿ ಹೆಚ್ಚಿನವರದ್ದು ಸ್ಕೂಟರ್ ಸವಾರಿ. ಹಳೆಯ ವಿದ್ಯಾರ್ಥಿಗಳ, ಹಿತೈಷಿಗಳ ಕಾಣಿಕೆಯಿಂದ ಬರುವ ಸಂಭಾವನೆಯಲ್ಲಿ ಸಂಸಾರ ಸಾಗಬೇಕು. ಪ್ರಾರ್ಥನಾ ಕೂಟ, ಬೈಬಲ್ ಅಧ್ಯಯನ ನಡೆಸುವುದು ಇವರ ಕೆಲಸದ ಒಂದು ಭಾಗವಾದರೆ, ಊರು ಬಿಟ್ಟು ಬಂದ ಹುಡುಗ ಹುಡುಗಿಯರ ಮಾತು ಕೇಳುತ್ತ ಕುಳಿತುಕೊಳ್ಳುವುದು ಇನ್ನೊಂದು ಭಾಗ.

ಈ ಕೆಲಸ ಇಂದು ನಿನ್ನೆಯದಲ್ಲ. ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ 1895ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿತು. ಭಾರತದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರಲ್ಲಿ ಆರಂಭವಾಯಿತು. ಅದರ ಮುಖ್ಯ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲಿ. ಕ್ಯಾಥೊಲಿಕ್ ವಿದ್ಯಾರ್ಥಿಗಳ ಅಖಿಲ ಭಾರತ ಒಕ್ಕೂಟದ ಮೂಲ 1924ರಷ್ಟು ಹಿಂದಿನದು. ಯು.ಇ.ಎಸ್.ಐ. ಎಂದೇ ಪರಿಚಿತವಾದ ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ 1954ರಲ್ಲಿ ಸ್ಥಾಪನೆಯಾಯಿತು. ಇಂಥ ಸಂಸ್ಥೆಗಳು ತಮ್ಮ ಕಾರ್ಯಕರ್ತರನ್ನು ಆಗಾಗ ಒಂದೆಡೆ ಸೇರಿಸುತ್ತವೆ. ಮೂರು ದಿನವೋ ನಾಲ್ಕು ದಿನವೋ ಉಪನ್ಯಾಸ, ಚರ್ಚೆ, ಪ್ರಾರ್ಥನೆ ನಡೆಯುತ್ತದೆ. ಬಳಿಕ ಎಲ್ಲರೂ ತಮ್ಮ ತಮ್ಮ ಊರಿಗೆ ರೈಲು ಹತ್ತುತ್ತಾರೆ.

ವಿದ್ಯಾರ್ಥಿಗಳ ಎರಡು ನಗರ

ಆಂಧ್ರಪ್ರದೇಶದ ವಿಜಯವಾಡ ಮತ್ತು ವಿಶಾಖಪಟ್ಟಣ ಎರಡೂ ವಿದ್ಯಾರ್ಥಿಗಳಿಂದ ತುಂಬಿ ತುಳುಕುವ ನಗರಗಳು. ವಿಜಯವಾಡದಲ್ಲಿ ಜೆಸ್ವಿಟ್ ಪಾದ್ರಿಗಳ ಆಂಧ್ರ ಲೊಯೋಲಾ ಕಾಲೇಜು ಎಪ್ಪತ್ತು ವರ್ಷ ದಾಟಿದೆ. ಇಂಟರ್‌ಮೀಡಿಯೆಟ್, ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಗೆಂದು ಸುತ್ತಲಿನ ಜಿಲ್ಲೆಗಳ ಮಕ್ಕಳು ಬಂದು ಸೇರುವುದೂ ಇದೇ ಊರಿಗೆ. ವಿಶಾಖಪಟ್ಟಣದಲ್ಲಿ ಆಂಧ್ರ ವಿಶ್ವವಿದ್ಯಾಲಯ, 1923ರ ಆಂಧ್ರ ಮೆಡಿಕಲ್ ಕಾಲೇಜು, 2008ರ ಕಾನೂನು ವಿಶ್ವವಿದ್ಯಾಲಯ, 2015ರ ಐ.ಐ.ಎಂ. ಹೀಗೆ ಸಾಲು ಸಾಲು ವಿದ್ಯಾಸಂಸ್ಥೆಗಳಿವೆ.

ಆಂಧ್ರ ವಿಶ್ವವಿದ್ಯಾಲಯದ ಕಥೆ ಕನ್ನಡಿಗರಿಗೂ ತಿಳಿದಿರಬೇಕಾದದ್ದು. 1926ರಲ್ಲಿ ಅದು ಆರಂಭವಾದದ್ದು ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ. 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಬಂದು ನೆಲೆ ನಿಂತಿತು. ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಅದಕ್ಕೆ ಮುಂಚೆ ಮೈಸೂರು ಸಂಸ್ಥಾನದಲ್ಲಿ ಪ್ರಾಧ್ಯಾಪಕರಾಗಿ, ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ ದುಡಿದವರು. ಅವರ ಬಳಿಕ 1931ರಿಂದ 1936ರವರೆಗೆ ಕುಲಪತಿಯಾಗಿದ್ದ ಡಾ. ಎಸ್. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಕಲಿಸಿದವರು. ಅವರು ಮೈಸೂರು ಬಿಡುವಾಗ ವಿದ್ಯಾರ್ಥಿಗಳೇ ಸಾರೋಟು ಎಳೆದು ರೈಲ್ವೆ ನಿಲ್ದಾಣ ಮುಟ್ಟಿಸಿದರೆಂಬುದು ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಗುರು ಮನೆಯವರಂತಿದ್ದರೆ ವಿದ್ಯಾರ್ಥಿ ಹೆಗಲು ಕೊಡುತ್ತಾನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಂದು ಸಾವಿರಾರು ಮಕ್ಕಳಿರುವ ಹಾಸ್ಟೆಲುಗಳಲ್ಲಿ ಆ ಮನೆಯವರು ಯಾರು ಎಂಬುದೇ ಪ್ರಶ್ನೆ.

ರೈಲಿನಿಂದ ಮನೆಯವರೆಗೆ

ಬಳ್ಳಾರಿ ಕಡೆಯ ಕನ್ನಡಿಗರೊಬ್ಬರು ವಿಶಾಖಪಟ್ಟಣದಲ್ಲಿ ಇಂಥ ಸೇವಕರಾಗಿದ್ದಾರೆ ಎಂದಿಟ್ಟುಕೊಳ್ಳೋಣ. ಬಳ್ಳಾರಿಯವರಿಗೆ ತೆಲುಗು ಹೊರಗಿನದಲ್ಲ. ಊರು ದೂರವಾದರೂ ಭಾಷೆ ದೂರವಾಗದು. ವಿಜಯವಾಡದಲ್ಲಿ ಮೂರು ದಿನದ ಕಾರ್ಯಕರ್ತರ ಸಮ್ಮೇಳನ ಮುಗಿದಿದೆ. ಬೆಳಗಿನ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು 350 ಕಿಲೋಮೀಟರ್ ದಾರಿ. ಏಲೂರು ದಾಟಿ ಗೋದಾವರಿ ಸೇತುವೆಯ ಮೇಲೆ ರೈಲು ಬಂದಾಗ ಸಹಪ್ರಯಾಣಿಕರು ನದಿಗೆ ನಾಣ್ಯ ಹಾಕಿ ಕೈ ಮುಗಿಯುತ್ತಾರೆ. ರಾಜಮಹೇಂದ್ರಿ, ಸಾಮರ್ಲಕೋಟ, ತುನಿ, ಅನಕಾಪಲ್ಲಿ ಕಳೆದು ಮಧ್ಯಾಹ್ನದ ಊಟದ ಹೊತ್ತಿಗೆ ವಿಶಾಖಪಟ್ಟಣ.

ಇವರ ಚೀಲದಲ್ಲಿ ಸಮ್ಮೇಳನದ ಫೈಲು, ಬ್ಯಾಡ್ಜು, ಇಪ್ಪತ್ತು ಪುಟ ಟಿಪ್ಪಣಿ ಇದೆ. ತಲೆಯಲ್ಲಿ ಹತ್ತಾರು ಹೊಸ ಯೋಜನೆಗಳಿವೆ. ಮೂರು ದಿನ ತಮ್ಮಂತೆಯೇ ದುಡಿಯುವವರ ಜತೆ ಕೂತು ಉಂಡು, ಹಾಡಿ, ಕಷ್ಟ ಹಂಚಿಕೊಂಡು ಮನಸ್ಸು ಹಗುರವಾಗಿದೆ. ಮನೆಯ ಬಾಗಿಲು ತೆರೆದ ಹೆಂಡತಿ, “ಬಂದ್ರಾ? ಕೈಕಾಲು ತೊಳ್ಕೊಳ್ಳಿ, ಊಟಕ್ಕೆ ಬಡಿಸ್ತೀನಿ” ಎನ್ನುತ್ತಾರೆ. ಇವರು ಊಟಕ್ಕೆ ಕೂತೊಡನೆ ಸಮ್ಮೇಳನದ ವರ್ಣನೆ ಆರಂಭಿಸುತ್ತಾರೆ. ಅವರು ಒಂದೆರಡು ಬಾರಿ ಹೂಂ ಎಂದು, ಸಾರು ಬಡಿಸುತ್ತ, “ನಿಮ್ಮದಾಯ್ತು ಸರಿ ಕಣ್ರೀ. ಚಿಕ್ಕವನಿಗೆ ಎರಡು ದಿನದಿಂದ ಜ್ವರ. ನೀವು ಗಾಬರಿ ಆಗ್ತೀರಂತ ಹೇಳಲಿಲ್ಲ. ಗ್ಯಾಸೂ ಮುಗಿದಿತ್ತು, ಪಕ್ಕದ ಮನೆಯವರ ಹತ್ರ ಕೇಳಿ ತಂದೆ” ಎನ್ನುತ್ತಾರೆ.

ಇಲ್ಲಿಗೆ ಸಮ್ಮೇಳನದ ನಿಜವಾದ ಪರೀಕ್ಷೆ ಆರಂಭ. ‘ಕೇಳಿಸಿಕೊಳ್ಳುವುದು ಹೇಗೆ’ ಎಂದು ಮೂರು ದಿನ ಕಲಿತು ಬಂದವರು ಈಗ ಕೇಳಿಸಿಕೊಳ್ಳುತ್ತಾರೋ, ಇಲ್ಲವೋ? ಅಷ್ಟರಲ್ಲಿ ಮೊಬೈಲಿನಲ್ಲಿ ಹಾಸ್ಟೆಲಿನಿಂದ ಬಂದ ಕರೆಗಳ ಸಾಲು. ಎರಡನೇ ವರ್ಷದ ಹುಡುಗನೊಬ್ಬ ಮೂರು ವಿಷಯದಲ್ಲಿ ಫೇಲಾಗಿ ಯಾರ ಜತೆಯೂ ಮಾತಾಡುತ್ತಿಲ್ಲ. ಅವನಿಗೂ ಇವರೇ ಬೇಕು.

ಯಾರು ಮೊದಲು? ಮನೆಯವರು ಕಾಯಬಲ್ಲರು ಎಂಬ ಧೈರ್ಯದಿಂದ ಸೇವೆಯವರೆಲ್ಲ ಮನೆಯನ್ನೇ ಹಿಂದಕ್ಕೆ ತಳ್ಳುತ್ತಾರೆ. ಅರ್ಚಕರಿರಲಿ, ಪಾದ್ರಿಗಳಿರಲಿ, ಸಂಘದ ಕಾರ್ಯದರ್ಶಿಗಳಿರಲಿ, ಈ ರೋಗ ಎಲ್ಲರಿಗೂ ಒಂದೇ. ಆ ಹುಡುಗನಿಗೆ ಕೂಡಲೇ ಫೋನ್ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಸಂಜೆ ಹೋಗಿ ನೋಡಲೂ ಬೇಕು. ಆದರೆ ಅದರ ನಡುವಿನ ಹೊತ್ತು ಟಿಪ್ಪಣಿ ತಿದ್ದುವುದಕ್ಕಲ್ಲ, ಮೇಲಿನವರಿಗೆ ವರದಿ ಕಳಿಸುವುದಕ್ಕಲ್ಲ. ಜ್ವರದ ಮಗುವಿನ ಹಣೆ ಮುಟ್ಟಿ ನೋಡುವುದಕ್ಕೆ, ಮೂರು ದಿನ ಒಬ್ಬರೇ ಮನೆ ನಡೆಸಿದವರ ಮಾತು ಪೂರ್ತಿ ಕೇಳುವುದಕ್ಕೆ. ವರದಿ ಎರಡು ದಿನ ತಡವಾದರೆ ಯಾವ ಸಂಸ್ಥೆಯೂ ಮುಳುಗುವುದಿಲ್ಲ.

ವಿಶಾಖಪಟ್ಟಣದಿಂದ ಸುಪ್ರೀಂ ಕೋರ್ಟಿಗೆ

ಹಾಸ್ಟೆಲಿನ ಆ ಫೋನ್ ಕರೆಯನ್ನು ಹಗುರವಾಗಿ ಕಾಣುವ ಕಾಲ ಇದಲ್ಲ. 2023ರ ಜುಲೈಯಲ್ಲಿ ವಿಶಾಖಪಟ್ಟಣದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ನೀಟ್ ಪರೀಕ್ಷೆಗೆ ಓದುತ್ತಿದ್ದ, ಹೊರರಾಜ್ಯದ 17 ವರ್ಷದ ವಿದ್ಯಾರ್ಥಿನಿಯೊಬ್ಬಳು ಸಾವಿಗೀಡಾದಳು. ಆಕೆಯ ತಂದೆ ನ್ಯಾಯ ಕೇಳಿಕೊಂಡು ಸುಪ್ರೀಂ ಕೋರ್ಟಿನವರೆಗೆ ಹೋದರು. 2025ರ ಜುಲೈ 25ರಂದು ನ್ಯಾಯಾಲಯ ತನಿಖೆಯನ್ನು ಸಿಬಿಐಗೆ ವಹಿಸಿತು. ಅಷ್ಟೇ ಅಲ್ಲ, ದೇಶದ ಎಲ್ಲ ವಿದ್ಯಾಸಂಸ್ಥೆಗಳಿಗೆ, ಕೋಚಿಂಗ್ ಕೇಂದ್ರಗಳಿಗೆ, ಹಾಸ್ಟೆಲುಗಳಿಗೆ ಅನ್ವಯಿಸುವ 15 ಮಾರ್ಗಸೂಚಿಗಳನ್ನು ಹೊರಡಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಆಪ್ತಸಲಹೆಗಾರರನ್ನು ನೇಮಿಸಿಕೊಳ್ಳಬೇಕು. ಅಂಕದ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚುಗಳಾಗಿ ವಿಂಗಡಿಸಬಾರದು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಬೇಕು. ಟೆಲಿ ಮಾನಸ್‌ನಂಥ ಸಹಾಯವಾಣಿಯ ಸಂಖ್ಯೆ ಹಾಸ್ಟೆಲಿನಲ್ಲಿ ಎಲ್ಲರಿಗೂ ಕಾಣುವಂತಿರಬೇಕು. ಇವು ಅವುಗಳಲ್ಲಿ ಕೆಲವು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044. ದಿನಕ್ಕೆ ಲೆಕ್ಕ ಹಾಕಿದರೆ ಮೂವತ್ತೈದಕ್ಕೂ ಮೇಲೆ. ಈ ಅಂಕಿಯನ್ನು ಓದಿ ಮುಂದಿನ ಪುಟ ತಿರುಗಿಸುವುದು ಸುಲಭ. ಆದರೆ ಪ್ರತಿಯೊಂದು ಸಾವಿನ ಹಿಂದೆಯೂ ಒಂದು ಹಾಸ್ಟೆಲ್ ಕೋಣೆಯೋ, ಒಂದು ಮನೆಯೋ ಇದೆ. ಊರಿನಲ್ಲಿ ಫೋನಿಗೆ ಕಾಯುವ ತಾಯಿ ಇದ್ದಾಳೆ.

ಕ್ಯಾಂಪಸ್ ಸೇವಕರು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಹಾಗೆಂದು ತಿಳಿದು ತಮ್ಮ ಮಿತಿ ಮೀರಿದ್ದನ್ನು ಬಲ್ಲವರಿಗೆ ಒಪ್ಪಿಸುವುದೇ ಅವರ ಜಾಣತನ. ಆದರೆ ಡಾಕ್ಟರ ಬಳಿಗೆ ಹೋಗುವ ಮೊದಲು ಹುಡುಗ ಯಾರಿಗಾದರೂ ಬಾಯಿ ಬಿಡಬೇಕಲ್ಲ? ವಾರ್ಡನ್ನಿಗೆ ಹೇಳಿದರೆ ಮನೆಗೆ ಪತ್ರ ಹೋಗುತ್ತದೆಂಬ ಭಯ. ಮನೆಯವರಿಗೆ ಹೇಳಿದರೆ ಅಪ್ಪ ಮಾಡಿದ ಸಾಲದ ನೆನಪು. ಮಾರ್ಕ್ಸ್ ಕೇಳದೆ “ಊಟ ಮಾಡಿದೆಯಾ ತಮ್ಮಾ?” ಎನ್ನುವ ಒಬ್ಬ ಹಿರಿಯ ಇದ್ದರೆ ಅವನ ಹತ್ತಿರ ಬಾಯಿ ಬಿಟ್ಟಾನು.

ಸಮ್ಮೇಳನದಿಂದ ಮರಳಿದವರು ಮಾಡಿದ್ದು

ದೊಡ್ಡ ಸಭೆಗಳಿಂದ ಮರಳಿದ ಮೇಲೆ ಏನು ಮಾಡಬೇಕೆಂಬುದಕ್ಕೆ ಇತಿಹಾಸದಲ್ಲಿ ಒಳ್ಳೆಯ ಉದಾಹರಣೆಗಳಿವೆ. ಸ್ವಾಮಿ ವಿವೇಕಾನಂದರು 1893ರಲ್ಲಿ ಚಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಎಲ್ಲರಿಗೂ ಗೊತ್ತು. ಅವರು ವಿದೇಶ ಪ್ರವಾಸ ಮುಗಿಸಿ ಕೊಲಂಬೋದಲ್ಲಿ ಇಳಿದದ್ದು 1897ರ ಜನವರಿಯಲ್ಲಿ. ಆ ವರ್ಷದ ಮೇ 1ರಂದೇ ರಾಮಕೃಷ್ಣ ಮಿಷನ್ ಸ್ಥಾಪನೆಯಾಯಿತು. ಚಪ್ಪಾಳೆಯ ಸದ್ದು ಅಡಗುವ ಮುನ್ನ ಕೆಲಸ ಆರಂಭವಾಗಿತ್ತು.

ತೆಲುಗು ನೆಲಕ್ಕೇ ಸೇರಿದ ಇನ್ನೊಂದು ಉದಾಹರಣೆ ವಿ. ಎಸ್. ಅಜರಾಯರದ್ದು. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯಲ್ಲಿ 1874ರಲ್ಲಿ ಹುಟ್ಟಿದ ಇವರು 1895ರಿಂದ ವೈ.ಎಂ.ಸಿ.ಎ. ಕಾರ್ಯದರ್ಶಿಯಾಗಿ ಯುವಜನರ ನಡುವೆ ದುಡಿದವರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಕ್ಯಾಂಪಸ್ ಸೇವಕರಿಗೆ ಹತ್ತಿರದವರೇ. 1907ರಲ್ಲಿ ಟೋಕಿಯೋದಲ್ಲಿ ನಡೆದ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟದ ಸಮ್ಮೇಳನಕ್ಕೆ ಹೋಗಿ ಬಂದರು. ದೊಡ್ಡ ದೊಡ್ಡ ವೇದಿಕೆಗಳನ್ನು ಹತ್ತಿಕೊಂಡೇ ಇರಬಹುದಿತ್ತು. ಆದರೆ 1909ರಲ್ಲಿ ಹೋಗಿ ನೆಲೆಸಿದ್ದು ವಿಜಯವಾಡದಿಂದ ವಾರಂಗಲ್ ಕಡೆಗೆ ಹೋಗುವ ರೈಲು ಮಾರ್ಗದಲ್ಲಿರುವ ಡೋರ್ನಕಲ್ ಎಂಬ ಸಣ್ಣ ಊರಿಗೆ. ಭಾಷೆ ಬೇರೆ, ಊಟ ಬೇರೆ. ತೆಲುಗು ಕಲಿತರು. 1910ರಲ್ಲಿ ಎಡಿನ್‌ಬರೋ ವಿಶ್ವ ಮಿಷನರಿ ಸಮ್ಮೇಳನದಲ್ಲಿ, ಬಿಳಿಯರು ಭಾರತೀಯರಿಗೆ ಉಪಕಾರ ಮಾಡಿದರೆ ಸಾಲದು, ಸಮಾನ ಸ್ನೇಹಿತರಂತೆ ನಡೆದುಕೊಳ್ಳಬೇಕೆಂದು ಅವರ ಮುಂದೆಯೇ ನೇರವಾಗಿ ಹೇಳಿದರು. ಆ ಮಾತು ಹಲವರಿಗೆ ಕಹಿಯಾಯಿತು. ಹೇಳುವುದನ್ನು ಹೇಳಿ ಅವರು ಮರಳಿದ್ದು ಅದೇ ಡೋರ್ನಕಲ್ಲಿಗೆ. 1912ರ ಡಿಸೆಂಬರಿನಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರಾದರು. 1945ರ ಜನವರಿ 1ರಂದು ತೀರಿಕೊಳ್ಳುವವರೆಗೂ ಆ ಸೀಮೆಯ ಬಡವರ ನಡುವೆಯೇ ಇದ್ದರು. ಟೋಕಿಯೋ, ಎಡಿನ್‌ಬರೋ ಎಂದು ಜಗತ್ತು ಸುತ್ತಿದರೂ ಮರಳುವ ಊರು ಯಾವುದೆಂಬುದನ್ನು ಮರೆಯಲಿಲ್ಲ.

ನಮ್ಮ ಉತ್ತಂಗಿ ಚನ್ನಪ್ಪನವರನ್ನೂ ಇಲ್ಲಿ ನೆನೆಯಬೇಕು. ಕ್ರೈಸ್ತ ಸಭಾಪಾಲಕರಾಗಿದ್ದ ಅವರು ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿದವರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಿಕ್ಕಿತು. ಆದರೆ ಅವರನ್ನು ನಾಡು ನೆನೆಯುವುದು ಆ ಒಂದು ಸಮ್ಮೇಳನದ ಪೀಠಕ್ಕಾಗಿ ಅಲ್ಲ, ಹಳ್ಳಿಯವರ ಜಗಲಿಯಲ್ಲಿ ಕೂತು ಕೇಳಿ ಬರೆದುಕೊಂಡ ಆ ಪದಗಳಿಗಾಗಿ.

ಒಂದು ಅನುಮಾನ, ಒಂದು ಉತ್ತರ

ಧರ್ಮದ ಹೆಸರಿನಲ್ಲಿ ಕಾಲೇಜಿನೊಳಗೆ ಬರುವವರ ಬಗ್ಗೆ ಹಲವು ಹೆತ್ತವರಿಗೆ ಅನುಮಾನವಿದೆ. ಸಂಕಟದಲ್ಲಿರುವ ಹುಡುಗನಿಗೆ ಸಾಂತ್ವನದ ನೆಪದಲ್ಲಿ ಮತಪ್ರಚಾರ ನಡೆದರೆ ಎಂಬುದು ಆ ಅನುಮಾನ. ಇದನ್ನು ತಳ್ಳಿಹಾಕುವುದು ಸರಿಯಲ್ಲ. ಯಾರೇ ಆಗಲಿ, ತಾನು ಯಾವ ಸಂಸ್ಥೆಯವನು, ಏತಕ್ಕೆ ಬಂದವನು ಎಂಬುದನ್ನು ಮೊದಲೇ ಹೇಳಬೇಕು. ಅಳುತ್ತಿರುವವನ ಜತೆ ವ್ಯವಹಾರ ಕುದುರಿಸಬಾರದು. ಈ ನಿಯಮ ಎಲ್ಲ ಧರ್ಮದವರಿಗೂ, ರಾಜಕೀಯ ಪಕ್ಷಗಳ ವಿದ್ಯಾರ್ಥಿ ಸಂಘಟನೆಗಳಿಗೂ ಅನ್ವಯವಾಗಬೇಕು.

ಆದರೆ ಅನುಮಾನ ಪಡುವವರು ಇನ್ನೊಂದು ಪ್ರಶ್ನೆಗೂ ಉತ್ತರ ಹುಡುಕಬೇಕು. ಆ ಹುಡುಗನ ಕೋಣೆಗೆ ಅವರು ಹೋದರು, ಸರಿ. ನಾವು ಯಾಕೆ ಹೋಗಲಿಲ್ಲ? ಅವರಿಗೆ ಆ ಹುಡುಗನ ಹೆಸರು ಗೊತ್ತು. ಅದೇ ಊರಿನಲ್ಲಿರುವ ಕನ್ನಡ ಸಂಘಕ್ಕೆ ಆ ಹುಡುಗ ಇದ್ದಾನೆಂಬುದೇ ಗೊತ್ತಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಡಾ. ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ಶಿವೈಕ್ಯರಾಗುವವರೆಗೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ಕೊಟ್ಟ ಪರಂಪರೆಯವರು ನಾವು. ಹೊರನಾಡಿಗೆ ಬಂದ ಕೂಡಲೇ ಆ ಪರಂಪರೆ ರಾಜ್ಯೋತ್ಸವದ ಭಾಷಣಕ್ಕೆ ಮಾತ್ರ ಸೀಮಿತವಾಗಬೇಕೇ?

ಸಂಘಗಳು ಏನು ಮಾಡಬಹುದು?

ಹೊರನಾಡಿನ ಕನ್ನಡಿಗರೂ ಸಮ್ಮೇಳನಗಳಿಗೆ ಹೋಗಿಬರುವವರೇ. ಆದ್ದರಿಂದ ಈ ಕ್ಯಾಂಪಸ್ ಸೇವಕರ ಪಾಡಿನಿಂದ ನಮ್ಮ ಸಂಘ ಸಂಸ್ಥೆಗಳು ಕಲಿಯಬೇಕಾದದ್ದು ಸಾಕಷ್ಟಿದೆ.

ಮೊದಲನೆಯದಾಗಿ, ಸಮ್ಮೇಳನದಿಂದ ಬಂದ ದಿನವೇ ಪ್ರತಿನಿಧಿಯನ್ನು ಸಭೆಗೆ ಕರೆಯಬಾರದು. ಆ ದಿನ ಮನೆಯವರದ್ದು. ಪ್ರಯಾಣ ಭತ್ಯೆಯ ಚೀಟಿಗಳನ್ನು ಮರುವಾರವೂ ಕೊಡಬಹುದು.

ಎರಡನೆಯದಾಗಿ, ಒಂದು ವಾರದೊಳಗೆ ನಾಲ್ಕೈದು ಮಂದಿ ಕೂತು ಅವರ ಮಾತು ಕೇಳಬೇಕು. ಏನು ಕಂಡಿರಿ, ಯಾವುದು ಮನಸ್ಸಿಗೆ ನಾಟಿತು, ಇಲ್ಲಿ ಯಾವುದು ಆಗದ ಮಾತು ಎಂದು ಕೇಳಬೇಕು. ಎಲ್ಲರ ಕಷ್ಟ ಕೇಳುವ ಕ್ಯಾಂಪಸ್ ಸೇವಕರ ಕಷ್ಟವನ್ನು ಕೇಳುವವರು ಯಾರೂ ಇಲ್ಲದಿರುವುದೇ ಅವರು ಬೇಗ ಬಳಲಲು ಕಾರಣ. ನಮ್ಮ ಕಾರ್ಯದರ್ಶಿಗಳ ಕಥೆಯೂ ಬೇರೆಯಲ್ಲ.

ಮೂರನೆಯದಾಗಿ, ಹತ್ತು ಯೋಜನೆ ತಂದವರಿಗೆ ಒಂದನ್ನು ಮಾತ್ರ ಆರಿಸಲು ಹೇಳಬೇಕು. ಆ ಒಂದಕ್ಕೆ ದಿನಾಂಕ, ಹೆಸರು, ಹಣ ಮೂರನ್ನೂ ಅಂದೇ ಗೊತ್ತು ಮಾಡಬೇಕು. ಉಳಿದ ಒಂಬತ್ತು ಮುಂದಿನ ವರ್ಷಕ್ಕಿರಲಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಆ ಒಂದು ಯೋಜನೆ ಯಾವುದೆಂದು ತೋಚದಿದ್ದರೆ ಇಗೋ ಒಂದು ಸಲಹೆ. ತಮ್ಮ ನಗರದಲ್ಲಿ ಓದುತ್ತಿರುವ ಕನ್ನಡದ ಮಕ್ಕಳ ಪಟ್ಟಿ ಮಾಡಿ. ಹುಬ್ಬಳ್ಳಿ, ಬಳ್ಳಾರಿ, ಗುಂತಕಲ್ಲು ಮಾರ್ಗವಾಗಿ ವಿಜಯವಾಡ, ವಿಶಾಖಪಟ್ಟಣಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಟ್ರಂಕು, ಹಾಸಿಗೆ ಹೊತ್ತು ಬರುವ ಮಕ್ಕಳು ನಮ್ಮವರೇ. ತಿಂಗಳಿಗೊಂದು ಭಾನುವಾರ ಇಬ್ಬರು ಮಕ್ಕಳನ್ನು ಒಂದು ಮನೆಗೆ ಊಟಕ್ಕೆ ಕರೆಯಿರಿ. ಜೋಳದ ರೊಟ್ಟಿಯೋ, ಸಾರು ಅನ್ನವೋ, ಇದ್ದದ್ದು ಬಡಿಸಿ. ಮಾರ್ಕ್ಸ್ ಕೇಳಬೇಡಿ. ರಾತ್ರಿ ಎಷ್ಟು ಹೊತ್ತಿಗೂ ಎತ್ತುವ ಒಂದು ಫೋನ್ ನಂಬರನ್ನು ಅವರಿಗೆ ಕೊಡಿ. ಜತೆಗೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಎಂಬುದನ್ನು ಸಂಘದ ಸೂಚನಾ ಫಲಕದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ. ಇದಕ್ಕೆ ಕಟ್ಟಡ ನಿಧಿ ಬೇಕಿಲ್ಲ, ಮುಖ್ಯ ಅತಿಥಿ ಬೇಕಿಲ್ಲ.

ಸಮ್ಮೇಳನಗಳು ಬೇಡವೆಂದು ಇದರರ್ಥವಲ್ಲ. ಒಂಟಿಯಾಗಿ ದುಡಿಯುವವರಿಗೆ ವರ್ಷಕ್ಕೊಮ್ಮೆಯಾದರೂ ತಮ್ಮಂಥವರ ಮುಖ ನೋಡುವ ಅವಕಾಶ ಬೇಕೇ ಬೇಕು. ವಿಜಯವಾಡದಲ್ಲಿ ಆ ಸೇವಕರಿಗೆ ಮೂರು ದಿನ ಸಿಕ್ಕ ಧೈರ್ಯ ಸುಳ್ಳಲ್ಲ. ಆದರೆ ಆ ಧೈರ್ಯ ವಿಶಾಖಪಟ್ಟಣದ ಎರಡು ಕೋಣೆಯ ಮನೆಯಲ್ಲಿ ಜ್ವರದ ಮಗುವಿನ ಪಕ್ಕ, ಆಮೇಲೆ ಹಾಸ್ಟೆಲಿನಲ್ಲಿ ಮಾತು ಬಿಟ್ಟ ಹುಡುಗನ ಪಕ್ಕ ಕೂರುವುದಕ್ಕೆ ಬಂದರೆ ಮಾತ್ರ ಹೋದ ಟಿಕೆಟ್ಟಿನ ಹಣ ವಸೂಲಾದಂತೆ.

ನಮ್ಮ ಸಂಘಗಳ ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ‘ಸಮ್ಮೇಳನಕ್ಕೆ ಯಾರನ್ನು ಕಳಿಸೋಣ’ ಎಂಬ ವಿಷಯ ಬಂದಾಗ, ಅದರ ಕೆಳಗೆ ‘ಬಂದವರನ್ನು ಯಾರು, ಯಾವಾಗ ಕೇಳೋಣ’ ಎಂಬ ಇನ್ನೊಂದು ಸಾಲನ್ನು ಸೇರಿಸಲಿ. ಆ ಊರಿನ ಹಾಸ್ಟೆಲಿನಲ್ಲಿರುವ ಒಬ್ಬ ಕನ್ನಡದ ಹುಡುಗನ ಹೆಸರಾದರೂ ಅದೇ ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ.